ಸುದ್ದಿ ಯಾವ ಸೀಮೆಯದು?



2020ನೇ ಇಸವಿಯ ಜೂನ್ ತಿಂಗಳನ್ನು ನೀವು ಮರೆತಿರಲಾರಿರಿ. ಕೊರೋನಾ ಕಾಲ. ಶಾಲೆಗಳಿಗೆ ಬೀಗ. ಹತ್ತನೇ ತರಗತಿಯ ಮಕ್ಕಳು ಪುಸ್ತಕ ಹಿಡಿದು ಜಗಲಿಯ ಮೇಲೆ ಕುಳಿತು, ಪರೀಕ್ಷೆ ನಡೆಯುವುದೋ ಇಲ್ಲವೋ ಎಂದು ದಿನ ಎಣಿಸುತ್ತಿದ್ದರು. ಒಂದು ಸಂಜೆ ನಮ್ಮ ಶಾಲೆಯ ಹುಡುಗನೊಬ್ಬ ಫೋನ್ ಮಾಡಿದ. "ಮೇಡಂ, ಪರೀಕ್ಷೆ ಐತಾ ಇಲ್ವಾ? ಟಿ.ವಿ.ಯಾಗೆ ಸುರೇಶ್ ಅವರು ಐತೆ ಅಂತವ್ರೆ. ನಮ್ಮ ಮಾವ ನೋಡಿದ್ರೆ ಸುರೇಶ್ ಅವರು ರದ್ದು ಮಾಡವ್ರೆ ಅಂತಾನೆ. ಯಾವುದು ನಿಜ ಮೇಡಂ?"

ಎರಡೂ ನಿಜವಾಗಿತ್ತು! ಆಗ ಕರ್ನಾಟಕದ ಶಿಕ್ಷಣ ಸಚಿವರು ಎಸ್. ಸುರೇಶ್ ಕುಮಾರ್. ನಮ್ಮ ಆಂಧ್ರದ ಶಿಕ್ಷಣ ಸಚಿವರು ಆದಿಮೂಲಪು ಸುರೇಶ್. ಕರ್ನಾಟಕದವರು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಜೂನ್ 25ರಿಂದ ನಡೆಸಿಯೇ ತೀರುತ್ತೇವೆ ಎಂದರು, ನಡೆಸಿದರು. ಆಂಧ್ರದವರು ಜೂನ್ 20ರಂದು ಎಸ್.ಎಸ್.ಸಿ. ಪರೀಕ್ಷೆಯನ್ನು ರದ್ದು ಮಾಡಿ ಎಲ್ಲರನ್ನೂ ಪಾಸು ಮಾಡಿದರು. ಹುಡುಗ ಓದುವುದು ಕನ್ನಡದಲ್ಲಿ, ನೋಡುವುದು ಕನ್ನಡ ಟಿ.ವಿ., ಬರೆಯಬೇಕಾದ ಪರೀಕ್ಷೆ ಮಾತ್ರ ಆಂಧ್ರದ್ದು. ನಾನು ವಿವರಿಸಿ ಹೇಳಿದ ಮೇಲೂ ಅವನ ತಾಯಿ ನಂಬಲಿಲ್ಲ. ಟಿ.ವಿ.ಯಲ್ಲಿ ಪರೀಕ್ಷಾ ಕೊಠಡಿಗಳಿಗೆ ಔಷಧಿ ಸಿಂಪಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ, ನೀವು ಹೇಗೆ ಇಲ್ಲ ಎನ್ನುತ್ತೀರಿ ಎಂದು ನನ್ನನ್ನೇ ಕೇಳಿದರು. ಮುಂದಿನ ವರ್ಷವೂ ಇದೇ ಕತೆ. 2021ರಲ್ಲಿ ಕರ್ನಾಟಕದವರು ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಪರೀಕ್ಷೆ ಮುಗಿಸಿದರು. ಆಂಧ್ರದವರು ಮತ್ತೆ ರದ್ದು ಮಾಡಿದರು.

ಈ ಪ್ರಸಂಗವನ್ನು ಮೊದಲಿಗೇ ಹೇಳಲು ಕಾರಣವಿದೆ. ಸುದ್ದಿಯನ್ನು ಪರೀಕ್ಷಿಸಿ ನೋಡುವುದನ್ನು ಮಕ್ಕಳಿಗೆ ಕಲಿಸಬೇಕು ಎಂದು ಈಗ ಎಲ್ಲ ಕಡೆ ಹೇಳುತ್ತಿದ್ದಾರೆ. ಅದಕ್ಕೆ ಮಾಧ್ಯಮ ಸಾಕ್ಷರತೆ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಆದರೆ ಹೇಳುವವರೆಲ್ಲ ಸುಳ್ಳು ಸುದ್ದಿಯ ಬಗ್ಗೆ ಮಾತ್ರ ಹೇಳುತ್ತಾರೆ. ಗಡಿನಾಡಿನ ಕನ್ನಡ ಮಕ್ಕಳ ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಆ ಹುಡುಗನಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಒಳ್ಳೆಯ ವಾಹಿನಿಯ, ನಿಜವಾದ, ಶುದ್ಧ ಕನ್ನಡದ ಸುದ್ದಿಯೇ ಅವನ ದಾರಿ ತಪ್ಪಿಸಿತು. ಸುದ್ದಿ ಸತ್ಯವೇ, ಆದರೆ ಅವನ ಸೀಮೆಯದಲ್ಲ. ನಮ್ಮ ಮಕ್ಕಳು ಸುದ್ದಿ ಓದಲು ಕಲಿಯುವುದು ಇಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ನೆಲೆ ನಿಮಗೆ ಗೊತ್ತೇ ಇದೆ. ಮಡಕಶಿರಾ ಸೀಮೆಯನ್ನು ಮೂರು ಕಡೆಯಿಂದ ಕರ್ನಾಟಕ ಸುತ್ತಿಕೊಂಡಿದೆ. ಅತ್ತ ಪಾವಗಡದವರು ಕರ್ನಾಟಕದವರಾಗಿದ್ದೂ ಆಂಧ್ರದ ನಡುವೆ ಸಿಕ್ಕಿಕೊಂಡಿರುವಂತೆಯೇ ಇತ್ತ ನಾವು. ರೊಳ್ಳದವರಿಗೆ ಸಂತೆಗೂ ಆಸ್ಪತ್ರೆಗೂ ಶಿರಾ ಹತ್ತಿರ, ಬೀಗತನವೂ ಅತ್ತಲೇ. ರಾಯದುರ್ಗದವರಿಗೆ ಬಳ್ಳಾರಿ, ಮೊಳಕಾಲ್ಮೂರು ಹಾಗೆಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಈಚೆಗೆ ಬಂತು. ನಮ್ಮ ಜಿಲ್ಲೆಯ ಹೆಸರೂ ನಿಂತಲ್ಲಿ ನಿಂತಿಲ್ಲ. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಮಂಡಲಗಳು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ನಾವು ಮಾತಿನಲ್ಲಿ ಇನ್ನೂ ಅನಂತಪುರ ಜಿಲ್ಲೆ ಎಂದೇ ಹೇಳುತ್ತೇವೆ. ಹೇಳಲಿ ಬಿಡಿ. ಆದರೆ ಅರ್ಜಿ ತುಂಬುವ ಮಗುವಿಗೆ ತನ್ನ ಜಿಲ್ಲೆ ಯಾವುದೆಂದು ತಿಳಿದಿರಬೇಕು.

ಸುದ್ದಿಯ ವಿಷಯದಲ್ಲಿ ನಮ್ಮ ಸ್ಥಿತಿ ಇನ್ನೂ ವಿಚಿತ್ರ. ಕನ್ನಡ ದಿನಪತ್ರಿಕೆ ತೆರೆದರೆ ಬೆಂಗಳೂರು, ತುಮಕೂರಿನ ಸಮಾಚಾರ. ರೊಳ್ಳ ಮಂಡಲದ ಸಮಾಚಾರ ಬೇಕಾದರೆ ತೆಲುಗು ಪತ್ರಿಕೆಯ ಜಿಲ್ಲಾ ಪುಟವನ್ನು ನೋಡಬೇಕು. ಹೀಗಾಗಿ ನಮ್ಮ ಮಗುವಿಗೆ ಸುಲಭವಾಗಿ ಓದಲು ಬರುವ ಭಾಷೆಯಲ್ಲಿ ಅದರ ಊರಿಲ್ಲ. ಅದರ ಊರು ಇರುವ ಭಾಷೆಯನ್ನು ಅದು ತಡವರಿಸಿ ಓದುತ್ತದೆ. ಒಮ್ಮೆ ಒಂಬತ್ತನೇ ತರಗತಿಯಲ್ಲಿ ನಮ್ಮ ಮುಖ್ಯಮಂತ್ರಿ ಯಾರು ಎಂದು ಕೇಳಿದೆ. ಕಾಲು ಭಾಗ ಮಕ್ಕಳು ಕರ್ನಾಟಕದ ಮುಖ್ಯಮಂತ್ರಿಯ ಹೆಸರು ಬರೆದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ದಿನವೂ ಮನೆಯಲ್ಲಿ ಕಾಣುವ ಮುಖವನ್ನು ಅವರು ಬರೆದಿದ್ದರು.

ದೊಡ್ಡವರಾದ ನಮ್ಮ ಗತಿಯೂ ಇದಕ್ಕಿಂತ ಬೇರೆಯಲ್ಲ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ನಮ್ಮ ಬೀದಿಯ ಅಜ್ಜಿಯೊಬ್ಬರು ಶಿರಾದಲ್ಲಿ ಬಸ್ ಹತ್ತಿ ಧೈರ್ಯವಾಗಿ ಕುಳಿತರು. ಕಂಡಕ್ಟರು ಆಧಾರ್ ನೋಡಿ, "ಅಜ್ಜಿ, ಇದು ಆಂಧ್ರದ್ದು, ಟಿಕೆಟ್ ತಗೋಬೇಕು" ಎಂದರಂತೆ. ಅಜ್ಜಿ ಊರಿಗೆ ಬಂದು, "ನಾನು ಮಾತಾಡಿದ್ದು ಕನ್ನಡಾನೇ ಅಲ್ಲವೇನವ್ವ?" ಎಂದು ನನ್ನನ್ನು ಕೇಳಿದರು. ನಾನು ಏನು ಹೇಳಲಿ? ಆಂಧ್ರದಲ್ಲಿ ಅಂತಹ ಯೋಜನೆ ಬಂದದ್ದು 2025ರ ಆಗಸ್ಟ್ 15ರಂದು, ಸ್ತ್ರೀ ಶಕ್ತಿ ಎಂಬ ಹೆಸರಿನಲ್ಲಿ. ಅಜ್ಜಿಗೆ ಅದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಏಕೆಂದರೆ ಆ ಸುದ್ದಿ ತೆಲುಗಿನಲ್ಲಿತ್ತು.

ಬಸ್ ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯ ಸುದ್ದಿ ಟಿ.ವಿ.ಯಲ್ಲಿ ಬಂದಾಗ, ಗಡಿ ಹಳ್ಳಿಯವರಿಗೂ ಸಿಗುತ್ತದೆ ಎಂದು ಮೊಬೈಲಿನಲ್ಲಿ ಒಂದು ಲಿಂಕ್ ಬಂತು. ನಮ್ಮ ವಿದ್ಯಾರ್ಥಿನಿಯ ತಾಯಿ ಆಧಾರ್ ನಂಬರು, ಬ್ಯಾಂಕಿನ ನಂಬರು ಎಲ್ಲವನ್ನೂ ಅದರಲ್ಲಿ ತುಂಬಿದರು. ಓ.ಟಿ.ಪಿ. ಕೇಳುವ ಹೊತ್ತಿಗೆ ಮಗಳು ನೋಡಿ ಫೋನ್ ಕಸಿದುಕೊಂಡಳು. ಎಂಟನೇ ತರಗತಿಯ ಹುಡುಗಿ. "ಅಮ್ಮ, ನಮ್ಮ ರೇಷನ್ ಕಾರ್ಡು ಆಂಧ್ರದ್ದು, ಅವರು ಯಾಕೆ ನಮಗೆ ಕೊಡ್ತಾರೆ?" ಎಂದಳಂತೆ. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪ್ರಶ್ನೆ. (ಹೀಗೆ ಹಣ ಕಳೆದುಕೊಂಡವರು 1930 ಎಂಬ ನಂಬರಿಗೆ ಆದಷ್ಟು ಬೇಗ ಫೋನ್ ಮಾಡಬೇಕು. ಎಲ್ಲ ರಾಜ್ಯಕ್ಕೂ ಅದೊಂದೇ ನಂಬರು. ಗೋಡೆಯ ಮೇಲೆ ಬರೆದಿಡಿ.)

ಇನ್ನು ನಿಜವಾದ ಸುಳ್ಳಿನ ವಿಷಯ. ಮೊಬೈಲ್ ಬಂದ ಮೇಲೆ ಸುಳ್ಳು ಹುಟ್ಟಿತು ಎಂದು ಅನೇಕರು ತಿಳಿದಿದ್ದಾರೆ. ನನ್ನ ವಯಸ್ಸಿನವರು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ನಾವು ಚಿಕ್ಕವರಿದ್ದಾಗ ರಾತ್ರಿ ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂಬ ಗುಲ್ಲು ಹಬ್ಬಿತ್ತು. ಕರ್ನಾಟಕದ ಕಡೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರು. ಆಂಧ್ರದ ಕಡೆ "ಓ ಸ್ತ್ರೀ ರೇಪು ರಾ" ಎಂದು ಬರೆದರು. ನಮ್ಮ ಊರಿನಲ್ಲಿ ಕೆಲವರು ಎರಡನ್ನೂ ಬರೆದಿದ್ದರು. ದೆವ್ವಕ್ಕೆ ಯಾವ ಭಾಷೆ ಬರುತ್ತದೆಯೋ ಯಾರಿಗೆ ಗೊತ್ತು! ಈಗ ನಗು ಬರುತ್ತದೆ. ಆಗ ನಾವು ಮಕ್ಕಳು ಸಂಜೆಯಾದರೆ ಹೊರಗೆ ಕಾಲಿಡುತ್ತಿರಲಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣೇಶನ ಮೂರ್ತಿ ಹಾಲು ಕುಡಿಯುತ್ತಿದೆ ಎಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಆಗ ಬಹುಪಾಲು ಮನೆಗಳಲ್ಲಿ ಫೋನೇ ಇರಲಿಲ್ಲ. ದ್ರವದ ಮೇಲ್ಮೈ ಎಳೆತದಿಂದ ಚಮಚದ ಹಾಲು ಕಲ್ಲಿನ ಮೇಲೆ ತೆಳುವಾಗಿ ಹರಿದುಹೋಗುತ್ತದೆ ಎಂದು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ತೋರಿಸಿದರು. ತೋರಿಸುವಷ್ಟರಲ್ಲಿ ಹಾಲೆಲ್ಲ ಖರ್ಚಾಗಿತ್ತು.

ಆದರೆ ಎಲ್ಲ ಗುಲ್ಲೂ ಹಾಲು ಚೆಲ್ಲುವುದರಲ್ಲಿ ಮುಗಿಯುವುದಿಲ್ಲ. 2012ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನಗಳಲ್ಲಿ ಊರು ಬಿಟ್ಟರು. ನಿಮ್ಮ ಮೇಲೆ ದಾಳಿಯಾಗುತ್ತದೆ ಎಂಬ ಎಸ್.ಎಂ.ಎಸ್.ಗಳು, ಬೇರೆಲ್ಲಿಯದೋ ಚಿತ್ರಗಳು ಅವರನ್ನು ಹೆದರಿಸಿದ್ದವು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್.ಎಂ.ಎಸ್. ಕಳಿಸದಂತೆ ಕೇಂದ್ರ ಸರಕಾರ ಕೆಲವು ದಿನ ನಿರ್ಬಂಧ ಹಾಕಿತು. ದಯವಿಟ್ಟು ಗಮನಿಸಿ: ಆ ಜನಕ್ಕೆ ಕನ್ನಡ ಬರುತ್ತಿರಲಿಲ್ಲ. ನೀವು ಹೆದರಬೇಡಿ ಎಂದು ಅಕ್ಕಪಕ್ಕದವರು ಕನ್ನಡದಲ್ಲಿ ಹೇಳಿದ್ದು, ಪತ್ರಿಕೆಗಳು ಕನ್ನಡದಲ್ಲಿ ಬರೆದದ್ದು ಅವರನ್ನು ಮುಟ್ಟುವ ಮೊದಲೇ ಹೆದರಿಕೆ ಅವರ ಭಾಷೆಯಲ್ಲಿ ಮುಟ್ಟಿತ್ತು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇದು ಅರ್ಥವಾಗದ ಮಾತೇನಲ್ಲ.

2018ರಲ್ಲಿ ಮಕ್ಕಳ ಕಳ್ಳರ ಗುಲ್ಲು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಅದೇ ರೀತಿ ಸತ್ತರು. ಅವರ ಜೊತೆಗಿದ್ದವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅಪರಾಧವಾಯಿತು. ಅವರು ಅಲ್ಲಿಂದ ಕಾರಿನಲ್ಲಿ ಹೊರಟರೂ ವಾಟ್ಸಪ್ ಅವರಿಗಿಂತ ಮುಂದೆ ಹೋಗಿತ್ತು. ಮುಂದಿನ ಊರಿನವರು ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಆ ತಿಂಗಳೇ ವಾಟ್ಸಪ್ ಕಂಪೆನಿಯವರು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವಂತೆ ಮಿತಿ ಹಾಕಿದರು.

ಆಗ ಎಲ್ಲರ ಮೊಬೈಲಿನಲ್ಲೂ ಒಂದು ವೀಡಿಯೋ ಇತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಂದೆತಾಯಿಗಳನ್ನು ಎಚ್ಚರಿಸಲು ಮಾಡಿದ ಚಿತ್ರ. ಪೂರ್ತಿ ಚಿತ್ರದಲ್ಲಿ ಆ ಇಬ್ಬರೇ ಮಗುವನ್ನು ಹಿಂದಕ್ಕೆ ತಂದು ಬಿಟ್ಟು, ಎಚ್ಚರವಾಗಿರಿ ಎಂಬ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ, ನಮ್ಮ ಊರಿನ ಹೆಸರು ಸೇರಿಸಿ ಬಿಟ್ಟರು. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರ ಮನುಷ್ಯರನ್ನು ಕೊಲ್ಲಿಸಲು ಒದಗಿತು.

ನಾನೇನು ಇದರಿಂದ ಹೊರಗಿದ್ದವಳಲ್ಲ. ಬಿ.ಎಡ್. ಮಾಡಿದವಳು, ಹತ್ತಾರು ವರ್ಷ ಪಾಠ ಹೇಳಿದವಳು. ಆ ಜೂನ್‌ನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಧ್ವನಿ ಸಂದೇಶವನ್ನು ಪೋಷಕರ ಗುಂಪಿಗೆ ನಾನೇ ಕಳಿಸಿದೆ. "ಎಚ್ಚರದಿಂದಿರಿ" ಎಂದು ನನ್ನದೂ ಒಂದು ಮಾತು ಸೇರಿಸಿದೆ. ಮಾರನೆಯ ದಿನ ಹೊದಿಕೆ ಮಾರುವವನೊಬ್ಬನನ್ನು ಹುಡುಗರು ಬಸ್ ನಿಲ್ದಾಣದ ಹತ್ತಿರ ಸುತ್ತುಗಟ್ಟಿದರು. ಅವನಿಗೆ ಬರುತ್ತಿದ್ದದ್ದು ಹಿಂದಿ. ನಮ್ಮವರು ಕನ್ನಡದಲ್ಲಿ ಕೇಳುತ್ತಾರೆ, ತೆಲುಗಿನಲ್ಲಿ ಕೇಳುತ್ತಾರೆ, ಅವನು ಹೆದರಿ ಇನ್ನೂ ತೊದಲುತ್ತಾನೆ. "ಮೇಡಂ ಕಳಿಸವ್ರೆ, ಸುಳ್ಳಿರಲ್ಲ" ಎಂದು ಒಬ್ಬ ಹೇಳಿದನಂತೆ. ಆ ಹೊತ್ತಿಗೆ ನಮ್ಮ ಶಾಲೆಯ ಹುಡುಗನೊಬ್ಬ, "ಇವನು ಹೋದ ವರ್ಷವೂ ಬಂದಿದ್ದ, ನಮ್ಮಜ್ಜಿ ಹೊದ್ದುಕೊಳ್ಳೋ ರಗ್ಗು ಇವನದೇ" ಎಂದ. ಅಷ್ಟಕ್ಕೆ ಗುಂಪು ಕರಗಿತು. ನನ್ನ ಮೇಲಿನ ಗೌರವದಿಂದಲೇ ಒಬ್ಬ ಮನುಷ್ಯನ ಜೀವ ಹೋಗಬಹುದಾಗಿತ್ತು. ಅದನ್ನು ನೆನೆದರೆ ಈಗಲೂ ನನಗೆ ಮೈ ನಡುಗುತ್ತದೆ. ಅಲ್ಲಿಂದೀಚೆಗೆ ಈ ವಿಷಯವನ್ನು ನಾನು ಪಾಠದಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದೇನೆ.

ಈಗ ನಮ್ಮ ಶಾಲೆಗಳ ಬುಡಕ್ಕೇ ಬರುವ ಸುದ್ದಿಗಳ ಮಾತು. 2014ರ ಮೇ 6ರಂದು ಸುಪ್ರೀಂ ಕೋರ್ಟು ಕರ್ನಾಟಕದ ಭಾಷಾ ನೀತಿಯ ಮೇಲೆ ತೀರ್ಪು ಕೊಟ್ಟಿತು. ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರಕಾರ ಖಾಸಗಿ ಶಾಲೆಗಳನ್ನು ಬಲವಂತ ಮಾಡುವಂತಿಲ್ಲ ಎಂಬುದು ಅದರ ಸಾರ. ಆ ತೀರ್ಪು ಕನ್ನಡಕ್ಕೆ ಪೆಟ್ಟು ಕೊಟ್ಟದ್ದು ನಿಜ. ಆದರೆ ನಮ್ಮ ಅರಳಿಕಟ್ಟೆಗೆ ಬರುವಷ್ಟರಲ್ಲಿ ಅದು "ಕೋರ್ಟಿನವರು ಕನ್ನಡ ಮೀಡಿಯಂ ತೆಗೆದು ಹಾಕಿದರು" ಎಂದಾಗಿತ್ತು.

2019ರ ನವೆಂಬರ್‌ನಲ್ಲಿ ಇನ್ನೂ ದೊಡ್ಡ ಗಾಬರಿ. ಆಂಧ್ರ ಸರಕಾರ ಸರಕಾರಿ ಶಾಲೆಗಳ ಕೆಳ ತರಗತಿಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಆದೇಶ ಹೊರಡಿಸಿತು. ಇದು ಸುಳ್ಳಲ್ಲ. ಆದರೆ ಆದೇಶ ಇದ್ದದ್ದು ಮುಂದಿನ ಶೈಕ್ಷಣಿಕ ವರ್ಷದಿಂದ. ವಾಟ್ಸಪ್ಪಿನಲ್ಲಿ ಬಂದದ್ದು "ಕನ್ನಡ ಶಾಲೆ ಮುಚ್ಚಿದರು, ಬೇಗ ಟಿ.ಸಿ. ತೆಗೆದುಕೊಳ್ಳಿ" ಎಂದು. ಕೆಲವರು ತೆಗೆದುಕೊಂಡು ಹೋದರು. 2020ರ ಏಪ್ರಿಲ್ 15ರಂದು ರಾಜ್ಯದ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಈ ಎರಡನೇ ಸುದ್ದಿಯನ್ನು ಟಿ.ಸಿ. ಒಯ್ದವರಲ್ಲಿ ಒಬ್ಬರೂ ಕೇಳಿರಲಿಲ್ಲ. ಮೊದಲನೆಯದು ಕುದುರೆ ಹತ್ತಿ ಬಂದಿತ್ತು, ಎರಡನೆಯದು ಕಾಲ್ನಡಿಗೆಯಲ್ಲಿ ಬಂತು.

ಹೋದವರು ಹೋದರು, ನಷ್ಟವೇನು ಎನ್ನಬೇಡಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ್ದು ಅದು. ಆದರೆ ಶಿಕ್ಷಕರನ್ನು ಕೊಡುವಾಗ ಲೆಕ್ಕಕ್ಕೆ ಬರುವುದು ತಲೆಗಳ ಎಣಿಕೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿರಬೇಕು ಎಂಬ ಸೂತ್ರ 1949ರಿಂದ ಬಂದಿದೆ. ಹನ್ನೊಂದು ಮಕ್ಕಳಿರುವ ತರಗತಿಯಿಂದ ಇಬ್ಬರು ಗುಲ್ಲನ್ನು ನಂಬಿ ಹೊರಟರೆ ಒಂಬತ್ತು. ಕನ್ನಡ ಶಾಲೆ ಮುಚ್ಚುತ್ತದೆ ಎಂಬ ಸುಳ್ಳು ಹೀಗೆ ತನ್ನನ್ನು ತಾನೇ ನಿಜ ಮಾಡಿಕೊಳ್ಳುತ್ತದೆ.

ಇದರಲ್ಲಿ ತಪ್ಪೆಲ್ಲ ಪೋಷಕರದೆಂದು ನಾನು ಹೇಳಲಾರೆ. ಆ ಆದೇಶದ ಕನ್ನಡ ಪ್ರತಿ ನಿಮ್ಮ ಕೈಗೆ ಬಂದಿತ್ತೇ? ಇಲ್ಲ. ಅಲ್ಪಸಂಖ್ಯಾತ ಭಾಷೆಯವರು ಶೇಕಡ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಸೂಚನೆ, ನಿಯಮಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕೆಂದು ಕೇಂದ್ರ ಮತ್ತು ರಾಜ್ಯಗಳು ಒಪ್ಪಿದ ರಕ್ಷಣೆಗಳಲ್ಲಿ ಬರೆದಿದೆ. ರೊಳ್ಳ ಮಂಡಲದಲ್ಲಿ ಕನ್ನಡಿಗರು ಅಷ್ಟಿಲ್ಲವೆಂದು ಯಾರೂ ಹೇಳಲಾರರು. ಆದರೂ ನಮ್ಮ ಶಾಲೆಯ ಸೂಚನಾ ಫಲಕಕ್ಕೆ ಬರುವ ಸುತ್ತೋಲೆಗಳು ತೆಲುಗು, ಇಂಗ್ಲಿಷ್‌ನಲ್ಲಿ ಬರುತ್ತವೆ. ಸರಕಾರದ ಸೂಚನೆ ಕನ್ನಡದಲ್ಲಿ ಇರಬೇಕಾದ ಜಾಗ ಖಾಲಿ ಇದ್ದರೆ ಆ ಜಾಗಕ್ಕೆ ವಾಟ್ಸಪ್ ಕನ್ನಡದಲ್ಲಿ ಬಂದು ಕೂರುತ್ತದೆ. ಆದ್ದರಿಂದ ಕನ್ನಡದಲ್ಲಿ ಸುತ್ತೋಲೆ ಕೇಳುವುದು ಬರೀ ಭಾಷಾಭಿಮಾನದ ಮಾತಲ್ಲ.

ಶಾಲೆಯಲ್ಲಿ ನಾನೇನು ಮಾಡುತ್ತಿದ್ದೇನೆ ಎಂದು ಕೆಲವರು ಕೇಳಿದ್ದಾರೆ. ದೊಡ್ಡದೇನಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಮುಖ್ಯ ವಾರ್ತೆಗಳನ್ನು ಓದುವ ಪದ್ಧತಿ ನಿಮ್ಮ ಕಾಲದಿಂದಲೂ ಇದೆ. ಅದಕ್ಕೆ ಒಂದೇ ಒಂದು ಕಟ್ಟುಪಾಡು ಸೇರಿಸಿದೆ. ವಾರ್ತೆ ಓದಿದ ಮಗು ಕೂಡಲೇ ಮೂರು ಮಾತು ಹೇಳಬೇಕು: ಇದನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು, ಇದು ಯಾವ ರಾಜ್ಯಕ್ಕೆ ಅನ್ವಯಿಸುತ್ತದೆ. ಮೂರನೆಯದನ್ನು ಬೇರೆ ಊರಿನ ಶಾಲೆಗಳಲ್ಲಿ ಕೇಳಬೇಕಾಗಿಲ್ಲ, ನಮಗೆ ಅದೇ ಮೊದಲು. ವಾರಕ್ಕೊಮ್ಮೆ ಒಂದು ಕನ್ನಡ ಪತ್ರಿಕೆ, ಒಂದು ತೆಲುಗು ಪತ್ರಿಕೆಯನ್ನು ಮುಂದಿಟ್ಟು ಒಂದೇ ವಿಷಯ ಎರಡರಲ್ಲೂ ಹೇಗೆ ಬಂದಿದೆ ಎಂದು ನೋಡಿಸುತ್ತೇನೆ. ನದಿ ನೀರಿನ ಸುದ್ದಿ ಬಂದ ದಿನವಂತೂ ನೋಡಬೇಕು! ತುಂಗಭದ್ರಾ ಅಣೆಕಟ್ಟಿನ ನೀರಿನ ಬಗ್ಗೆ ಒಂದು ಪತ್ರಿಕೆಯಲ್ಲಿ ನಮಗೆ ಅನ್ಯಾಯ, ಇನ್ನೊಂದರಲ್ಲಿಯೂ ನಮಗೆ ಅನ್ಯಾಯ. "ಮೇಡಂ, ಇದರಾಗೆ ನಾವು ಅಂದರೆ ಯಾರು?" ಎಂದು ಏಳನೇ ತರಗತಿಯ ಹುಡುಗ ಕೇಳಿದ. ಪತ್ರಿಕೆಯ "ನಾವು" ಎಂಬ ಮಾತಿನಲ್ಲಿ ತಾನು ಸೇರಿದ್ದೇನೆಯೇ ಎಂದು ಕೇಳಲು ಕಲಿತ ಮಗುವನ್ನು ಯಾರೂ ಸುಲಭವಾಗಿ ಕೆರಳಿಸಲಾರರು.

2025ರ ಅಕ್ಟೋಬರ್‌ನಲ್ಲಿ ಈ ಕಟ್ಟುಪಾಡು ಕೆಲಸಕ್ಕೆ ಬಂತು. ಎಸ್.ಎಸ್.ಎಲ್.ಸಿ. ಪಾಸಾಗಲು ಶೇಕಡ 35ರ ಬದಲು 33 ಸಾಕೆಂದು ಕರ್ನಾಟಕದ ಸಚಿವರು ಪ್ರಕಟಿಸಿದರು. ಪ್ರಾರ್ಥನೆಯಲ್ಲಿ ಹುಡುಗಿ ಆ ವಾರ್ತೆ ಓದಿದಳು. ಹತ್ತನೇ ತರಗತಿಯ ಸಾಲಿನಿಂದ ಚಪ್ಪಾಳೆ ಬಿತ್ತು. ಅವಳು ಚಪ್ಪಾಳೆ ನಿಲ್ಲುವ ತನಕ ಸುಮ್ಮನಿದ್ದು, "ಇದು ಕರ್ನಾಟಕಕ್ಕೆ. ನಮ್ಮ ಗಣಿತಕ್ಕೆ 35ಏ" ಎಂದಳು. ಮೊಬೈಲನ್ನು ಬಿಟ್ಟು ಬರೀ ಪತ್ರಿಕೆಯಿಂದ ಇಷ್ಟು ಕಲಿಸಬಹುದು. ಕಂಪ್ಯೂಟರ್ ಕೊಠಡಿ ಇಲ್ಲ ಎಂದು ಕೈಕಟ್ಟಿ ಕೂರಬೇಕಾಗಿಲ್ಲ.

ಇನ್ನೂ ವ್ಯವಸ್ಥಿತವಾಗಿ ಮಾಡಿದವರು ನಮ್ಮ ಹಾಗೆಯೇ ಗಡಿಯಲ್ಲಿರುವ ಕಾಸರಗೋಡಿನ ಪಕ್ಕದಲ್ಲಿದ್ದಾರೆ. ಮಕ್ಕಳ ಲಸಿಕೆಯ ಬಗ್ಗೆ ವಾಟ್ಸಪ್ಪಿನಲ್ಲಿ ಹರಡಿದ ಸುಳ್ಳಿನಿಂದ ತೊಂದರೆ ಅನುಭವಿಸಿದ ಕಣ್ಣೂರು ಜಿಲ್ಲೆಯಲ್ಲಿ, 2018ರಲ್ಲಿ ಆಗಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ ಅವರು ಸುಮಾರು 150 ಸರಕಾರಿ ಶಾಲೆಗಳಲ್ಲಿ "ಸತ್ಯಮೇವ ಜಯತೆ" ಎಂಬ ಹೆಸರಿನಲ್ಲಿ ಪಾಠ ನಡೆಸಿದರು. ಆಮೇಲೆ ಕೇರಳ ಸರಕಾರದ ಕೈಟ್ ಸಂಸ್ಥೆ ಅದೇ ಹೆಸರಿನಲ್ಲಿ 2022ರಲ್ಲಿ 5ರಿಂದ 10ನೇ ತರಗತಿಯ 19 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ತರಬೇತಿ ಕೊಟ್ಟಿತು. 2024ರಲ್ಲಿ ಬಂದ 5 ಮತ್ತು 7ನೇ ತರಗತಿಯ ಐ.ಸಿ.ಟಿ. ಪಠ್ಯಪುಸ್ತಕಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಸೇರಿತು. ಆ ರಾಜ್ಯದಲ್ಲಿ ಐ.ಸಿ.ಟಿ. ಪುಸ್ತಕಗಳು ಕನ್ನಡದಲ್ಲೂ ಇವೆ. ಅಂದರೆ ಕಾಸರಗೋಡಿನ ಕನ್ನಡ ಮಗು ಈ ಪಾಠವನ್ನು ತನ್ನ ಭಾಷೆಯಲ್ಲಿ ಓದಬಹುದು. ನಮ್ಮ ಆಂಧ್ರದ ಕನ್ನಡ ಮಗುವಿಗೂ ಹಾಗೇ ಸಿಗಲಿ ಎಂದು ಕೇಳುವುದರಲ್ಲಿ ಅತಿಯಾಸೆ ಏನಿದೆ? ಫಿನ್‌ಲೆಂಡ್ ದೇಶದಲ್ಲಿ ಶಿಶುವಿಹಾರದಿಂದಲೇ ಇದನ್ನು ಕಲಿಸುತ್ತಾರಂತೆ. ಅಷ್ಟು ದೂರ ಹೋಗುವುದು ಬೇಡ, ಕಾಸರಗೋಡು ಸಾಕು.

ಇದಕ್ಕೆ ನಿಮ್ಮಲ್ಲಿ ಕೆಲವರ ಆಕ್ಷೇಪಣೆ ನನಗೆ ಗೊತ್ತು. "ಫೋನೇ ಕೊಡದಿದ್ದರಾಯಿತಲ್ಲ ಮೇಡಂ, ಈ ಪಾಠ ಯಾಕೆ?" ಕೊಡಬೇಡಿ, ನನ್ನದೇನೂ ಅಡ್ಡಿಯಿಲ್ಲ, ಚಿಕ್ಕ ಮಕ್ಕಳಿಗಂತೂ ಕೊಡಲೇಬೇಡಿ. ಆದರೆ ಹದಿನೆಂಟಕ್ಕೆ ಅವರ ಕೈಗೆ ಫೋನ್ ಬಂದೇ ಬರುತ್ತದೆ, ಓಟೂ ಬರುತ್ತದೆ. ಬಾವಿಯಿಂದ ದೂರ ಇಟ್ಟ ಮಾತ್ರಕ್ಕೆ ಈಜು ಬರುವುದಿಲ್ಲ. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ನಮ್ಮ ಊರಿನಲ್ಲಿ ಸುಳ್ಳು ಸುದ್ದಿಯನ್ನು ಹೆಚ್ಚಾಗಿ ಕಳಿಸುವವರು ಮಕ್ಕಳಲ್ಲ. ನಲವತ್ತು ದಾಟಿದ ನಾವು. ಮನೆಗೆ ಬಂದ ಸಂದೇಶವನ್ನು ಮಗುವಿನ ಕೈಯಲ್ಲಿ ಗಟ್ಟಿಯಾಗಿ ಓದಿಸಿ. ಯಾರು, ಯಾವಾಗ, ಯಾವ ಸೀಮೆ ಎಂದು ಅದು ನಿಮ್ಮನ್ನು ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಮಗು ದೊಡ್ಡವರನ್ನು ಪ್ರಶ್ನೆ ಮಾಡಿತೆಂದು ಗದರಿಸಬೇಡಿ. ಆ ಹೊದಿಕೆ ಮಾರುವವನ ಜೀವ ಉಳಿಸಿದ್ದು ದೊಡ್ಡವರ ಮಾತಿಗೆ ಎದುರು ಹೇಳಿದ ಒಬ್ಬ ಹುಡುಗ.

ಈಗ ಇನ್ನೊಂದು ಹೊಸದು ಬಂದಿದೆ. ಯಾರದೇ ಧ್ವನಿಯಲ್ಲಿ ಯಾವ ಮಾತನ್ನಾದರೂ, ಕನ್ನಡದಲ್ಲಿಯೂ, ಕಂಪ್ಯೂಟರೇ ತಯಾರಿಸಿ ಆಡಿಸುತ್ತದೆ. ಮುಖ್ಯಮಂತ್ರಿಯ ಮುಖವನ್ನೂ ಧ್ವನಿಯನ್ನೂ ನೋಡಿ ನಂಬುವ ಕಾಲ ಮುಗಿಯಿತು. ಕಣ್ಣು ಕಿವಿಗಳ ಪರೀಕ್ಷೆಗೆ ಅದು ಸಿಕ್ಕುವುದು ದಿನೇ ದಿನೇ ಕಷ್ಟ. ಆಗಲೂ ಉಳಿಯುವುದು ಇದೇ ಹಳೆಯ ವಿಧಾನ: ಹೇಳಿದವರ ಕಚೇರಿಯಲ್ಲಿ ಇದು ಇದೆಯೇ, ಬೇರೆ ಪತ್ರಿಕೆಗಳಲ್ಲಿ ಇದೆಯೇ, ನಮಗೆ ಸಂಬಂಧಪಟ್ಟದ್ದೇ ಎಂದು ವಿಚಾರಿಸಿ ನೋಡುವುದು.

ನಮ್ಮ ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಎರಡು ಠರಾವುಗಳನ್ನು ಮಂಡಿಸಬೇಕೆಂದಿದ್ದೇನೆ. ಒಂದು, ಪರೀಕ್ಷೆ, ರಜೆ, ಮಾಧ್ಯಮ ಬದಲಾವಣೆ, ವಿದ್ಯಾರ್ಥಿ ವೇತನ ಈ ನಾಲ್ಕು ವಿಷಯಗಳ ಸುತ್ತೋಲೆಗಳನ್ನಾದರೂ ಕನ್ನಡದಲ್ಲಿ ಕಳಿಸಬೇಕೆಂದು ಜಿಲ್ಲಾ ಶಿಕ್ಷಣಾಧಿಕಾರಿಗಳಿಗೆ ಅರ್ಜಿ. ಅದು ಬರುವ ತನಕ ತೆಲುಗು ಬಲ್ಲ ನಮ್ಮ ಹಳೆಯ ವಿದ್ಯಾರ್ಥಿಗಳಿಂದ ಕನ್ನಡಕ್ಕೆ ಬರೆಯಿಸಿ, ಮೂಲದ ಪಕ್ಕದಲ್ಲೇ ಫಲಕಕ್ಕೆ ಅಂಟಿಸುವುದು. ಇನ್ನೊಂದು, ಶಾಲೆಯ ಹೆಸರಿನಲ್ಲಿ ಬರುವ ಯಾವ ಸಂದೇಶವನ್ನೂ, ನಾನು ಕಳಿಸಿದ್ದಾದರೂ ಸರಿ, ಫಲಕದಲ್ಲಿ ಕಾಣುವ ತನಕ ನಂಬಬಾರದು. ಅಗಳಿ, ಅಮರಾಪುರ, ಡಿ. ಹಿರೇಹಾಳು ಕಡೆಯ ಶಾಲೆಗಳ ಪೋಷಕರೂ ತಮ್ಮ ಸಭೆಗಳಲ್ಲಿ ಇದನ್ನು ಇಟ್ಟು, ಅರ್ಜಿಯ ಒಂದು ಪ್ರತಿಯನ್ನು ಈ ಪತ್ರಿಕೆಗೆ ಕಳಿಸಿದರೆ ಎಲ್ಲವನ್ನೂ ಒಟ್ಟಿಗೆ ಕೊಂಡೊಯ್ಯಬಹುದು.